ಸಿಹಿಗೆ ಎದುರು ಯಾವುದು?

ಎಲ್ಲರಿಗೂ ನಮಸ್ಕಾರ.

ಸಿಹಿ ಎಂದರೇನು ಎಂದು ಕೇಳಿದರೆ ಸಕ್ಕರೆಯ ರುಚಿ, ಬೆಲ್ಲದ ರುಚಿ ಎನ್ನುತ್ತೇವೆ. ಹಾಗಾದರೆ ಸಿಹಿನೀರಿನಲ್ಲಿ ಸಕ್ಕರೆ ಎಲ್ಲಿದೆ? ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ‘ಬೋರ್ ನೀರು ಸಿಹಿನಾ, ಉಪ್ಪಾ?’ ಎಂದು ವಿಚಾರಿಸುತ್ತಾರೆ. ಬೇಳೆ ಬೇಯುತ್ತದೆಯೇ, ಸೋಪು ನೊರೆ ಬಿಡುತ್ತದೆಯೇ, ಗೀಸರಿನೊಳಗೆ ಬಿಳಿ ಪೊರೆ ಕಟ್ಟುತ್ತದೆಯೇ ಎಂಬುದು ಆ ಪ್ರಶ್ನೆಯ ಒಳಗಿರುವ ವಿಷಯ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಡಿಮೆಯಿದ್ದರೆ ಅದೇ ಸಿಹಿನೀರು. ಹಳ್ಳಿಗಳಲ್ಲಿ ಸೀನೀರು ಎನ್ನುವವರು ಈಗಲೂ ಇದ್ದಾರೆ; ‘ಸೀ’ ಎಂಬುದು ಹಳೆಯ ರೂಪ. ಅನ್ನ ತಳ ಹಿಡಿದು ‘ಸೀದು’ಹೋಗುವ ಸೀ ಬೇರೆ, ಎರಡನ್ನೂ ಬೆರೆಸಬಾರದು.

ಹಾಗಾಗಿ ಈ ಪದದ ಅರ್ಥ ಹಿಡಿಯಬೇಕಾದರೆ ಅದರ ಎದುರು ನಿಂತ ಪದವನ್ನು ಮೊದಲು ಹುಡುಕಬೇಕು. ನೀರಿನಲ್ಲಿ ಎದುರು ಉಪ್ಪು. ಮೊಸರಿನಲ್ಲಿ ಹುಳಿ: ಸಿಹಿ ಮೊಸರಿಗೆ ಸಕ್ಕರೆ ಹಾಕಿರಬೇಕಾಗಿಲ್ಲ, ಹುಳಿ ಏರಿರಬಾರದು ಅಷ್ಟೆ. ಪೊಂಗಲ್ಲಿನಲ್ಲಿ ಖಾರ. ಸಿಹಿಗುಂಬಳಕ್ಕಂತೂ ಎದುರಿಗಿರುವುದು ರುಚಿಯೇ ಅಲ್ಲ, ಬೂದಿ! ಆದರೆ ನಾಲಿಗೆ ಬಿಟ್ಟು ಮನಸ್ಸಿಗೆ ಬಂದ ಕೂಡಲೇ ಈ ಎದುರುಗಳೆಲ್ಲ ಉದುರಿ ಕಹಿಯೊಂದೇ ಉಳಿಯುತ್ತದೆ. ಸಿಹಿ ಸುದ್ದಿ, ಕಹಿ ಸುದ್ದಿ. ಸಿಹಿ ನೆನಪು, ಕಹಿ ನೆನಪು. ಉಪ್ಪು ನೆನಪು ಎಂದು ಯಾರೂ ಹೇಳುವುದಿಲ್ಲ. ಖಾರವಾದ ಮಾತು ಇದೆ, ನಿಜ. ಅದಕ್ಕೆ ಎದುರು ಮೆದುವಾದ ಮಾತೇ ಹೊರತು ಸಿಹಿ ಮಾತಲ್ಲ.

ಮಾತಿನ ವಿಷಯದಲ್ಲಿ ಕನ್ನಡ ಬಹಳ ಹುಷಾರು. ಸವಿಮಾತು ಹೊಗಳಿಕೆ, ಸಕ್ಕರೆ ಮಾತು ಎಂದೊಡನೆ ಅನುಮಾನ. ‘ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ’ ಎಂಬ ಗಾದೆಯೇ ಇದೆ. ಸಂಕ್ರಾಂತಿಗೆ ಬೆಲ್ಲವನ್ನೇ ಕೈಗಿಟ್ಟರೂ ನಾವು ಹೇಳುವುದು ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎಂದು. ಸಿಹಿ ಮಾತಾಡಿ ಎನ್ನುವುದಿಲ್ಲ. ಈ ಎಚ್ಚರ ನನಗೆ ಬಹಳ ಇಷ್ಟ.

ಸವಿ ಬೇರೆಯೇ ಜಾತಿಯ ಪದ. ಸಿಹಿ ಪದಾರ್ಥದಲ್ಲಿರುತ್ತದೆ, ಸವಿ ಉಣ್ಣುವವರಲ್ಲಿ. ಹಾಗಲಕಾಯಿ ಗೊಜ್ಜನ್ನೂ, ಸಕ್ಕರೆಯಿಲ್ಲದ ಕಾಫಿಯನ್ನೂ ಸವಿಯಬಹುದು. ಅದಕ್ಕೇ ನಿದ್ದೆ, ಕನಸುಗಳಿಗೆ ಸವಿ ಸರಿಹೊಂದುತ್ತದೆ: ಸವಿನಿದ್ದೆ, ಸವಿಗನಸು. ‘ಸಿಹಿ ಕನಸುಗಳು’ ಎಂದು ಜಾಹೀರಾತಿನಲ್ಲಿ ಕಂಡಾಗ ಇಂಗ್ಲಿಷಿನ ವಾಸನೆ ಬರುತ್ತದೆ. ಬರೆಯುವವರು ಇನ್ನೊಂದು ಕಡೆಯೂ ಎಡವುತ್ತಾರೆ. ಸವಿದದ್ದು ಊಟ, ಸವೆದದ್ದು ಚಪ್ಪಲಿ. ‘ಸವಿದ ಮೆಟ್ಟಿಲು’ ಎಂದು ಅಚ್ಚಾದರೆ ಯಾರೋ ಮೆಟ್ಟಿಲನ್ನು ತಿಂದರು ಎಂದಾಗುತ್ತದೆ.

ಕಿವಿಗೆ ಮೂರನೆಯ ಪದ ಬೇಕು. ಹಳಗನ್ನಡದ ‘ಇನ್’ ಎಂಬ ಬೇರಿಗೂ ಸಿಹಿ ಎಂದೇ ಅರ್ಥ. ತಣ್ ಮತ್ತು ಪು ಸೇರಿ ತಂಪು ಆದಂತೆ, ಇನ್ ಮತ್ತು ಪು ಸೇರಿ ಇಂಪು. ಇನ್ ಮುಂದೆ ಕಡಲು ಬಂದರೆ ಕಕಾರ ಗಕಾರವಾಗಿ ಇಂಗಡಲು, ಅಂದರೆ ಹಾಲ್ಗಡಲು. ಸರ ಬಂದರೆ ಸಕಾರ ಚಕಾರವಾಗಿ ಇಂಚರ; ಈ ಸರ ಕೊರಳಿನದಲ್ಲ, ಸ್ವರದ ತದ್ಭವ. ಇನಿದನಿ, ಇನಿಯ ಇವೂ ಇದೇ ಮನೆಯವು. ಗಾಯಕಿಯ ಕಂಠಕ್ಕೆ ‘ಸಿಹಿ ಧ್ವನಿ’ ಎಂದು ಬರೆಯುವ ಮುನ್ನ ಇಷ್ಟು ಪದಗಳಿವೆ ಎಂಬುದು ನೆನಪಿರಲಿ.

ಸಂಸ್ಕೃತದಿಂದ ಬಂದ ಮಧುರಕ್ಕೆ ಮೂಲ ಮಧು, ಅಂದರೆ ಜೇನು. ಕಾವ್ಯಮೀಮಾಂಸೆಯಲ್ಲಿ ಮಾಧುರ್ಯ ಒಂದು ಗುಣ. 11ನೆಯ ಶತಮಾನದ ಕಾಶ್ಮೀರದ ಮಮ್ಮಟ ಅದಕ್ಕೆ ಅಕ್ಷರಗಳ ಲೆಕ್ಕವನ್ನೇ ಕೊಟ್ಟಿದ್ದಾನೆ: ವರ್ಗದ ಕೊನೆಯ ಅನುನಾಸಿಕ ಅದೇ ವರ್ಗದ ವ್ಯಂಜನಕ್ಕೆ ತಗುಲಿರಬೇಕು, ಅಂದರೆ ಙ್ಕ, ಞ್ಚ, ನ್ತ, ಮ್ಪ; ಟವರ್ಗದ ಟ, ಠ, ಡ, ಢ ಬೇಡ; ರಕಾರ ಣಕಾರಗಳಿಗೆ ಹ್ರಸ್ವ ಸ್ವರ; ಉದ್ದುದ್ದ ಸಮಾಸ ಕೂಡದು. ಇಂಪು, ಇಂಚರ, ತಂಪು, ಕಂಪು ಇವೆಲ್ಲ ಈ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ!

ಮಮ್ಮಟನಿಗಿಂತ ಮೊದಲೇ, 941ರ ಸುಮಾರಿಗೆ, ಪಂಪ ಬನವಾಸಿಯನ್ನು ನೆನೆದು ಬರೆದ ಪದ್ಯ ನಿಮಗೆಲ್ಲ ಗೊತ್ತು: ‘ತೆಂಕಣ ಗಾಳಿ ಸೋಂಕಿದೊಡಂ ಒಳ್ನುಡಿಗೇಳ್ದೊಡಂ ಇಂಪನಾಳ್ದ ಗೇಯಂ ಕಿವಿವೊಕ್ಕೊಡಂ’. ತೆಂಕಣ, ಸೋಂಕು, ಇಂಪು ಮೂರೂ ಮಮ್ಮಟ ಹೇಳಿದಂಥ ಜೋಡಿಗಳೇ. ಆದರೆ ಒಡಂ, ಒಡಂ ಎಂದು ಡಕಾರವೂ ಮತ್ತೆ ಮತ್ತೆ ಬರುತ್ತದೆ. ಕಿವಿಗೆ ಅದು ಒಂದಿಷ್ಟೂ ಒರಟಾಗುವುದಿಲ್ಲ. ಟವರ್ಗ ಬಿಟ್ಟರೆ ಕನ್ನಡದಲ್ಲಿ ಹಾಡು, ಆಟ, ನೋಟ, ಊಟ ಯಾವುದೂ ಉಳಿಯದು. ಅನುನಾಸಿಕದ ಜೋಡಿಗಳ ಸೂತ್ರವನ್ನು ನಾವು ಧಾರಾಳವಾಗಿ ಬಳಸಿಕೊಳ್ಳೋಣ. ಟವರ್ಗದ ನಿಷೇಧ ನಮ್ಮ ನುಡಿಗೆ ಹೊಂದುವಂಥದ್ದಲ್ಲ.