ಮೊಣಕಾಲು ಯಾರ ಸಾಲ ತೀರಿಸುತ್ತಿದೆ?

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವ ತಾಯಂದಿರು ಮುಂದೆ ಜಮಖಾನದ ಮೇಲೆ ಬಂದು ಕೂತುಕೊಳ್ಳಿ. ಕೆಳಗೆ ಕೂರೋಕೆ ಮೊಣಕಾಲು ಬಿಡಲ್ಲ ಅನ್ನುವವರು ಗೋಡೆಗೆ ಒರಗಿ ನಿಂತರೂ ಸರಿ. ಇವತ್ತಿನ ಮಾತು ಕುಣಿಯುವ ಮಕ್ಕಳಿಗಷ್ಟೇ ಅಲ್ಲ, ನಿಮಗೂ ಸೇರಿದ್ದು.

ಕೊಪ್ಪಳ ಜಿಲ್ಲೆಯವರಿಗೆ ಮೊಣಕಾಲಿನ ಪರೀಕ್ಷೆಗೆ ಎಕ್ಸ್‌ರೇಗಿಂತ ಮೊದಲು ಒಂದು ಜಾಗ ಇದೆ. ಅಂಜನಾದ್ರಿ ಬೆಟ್ಟ. 575 ಮೆಟ್ಟಿಲು. ಹತ್ತುವಾಗ ಎಲ್ಲರಿಗೂ ಏದುಸಿರು, ಅದು ಎದೆಯ ಲೆಕ್ಕ. ಮೊಣಕಾಲಿನ ಲೆಕ್ಕ ಶುರುವಾಗೋದು ಇಳಿಯುವಾಗ. ಕೆಲವು ವರ್ಷಗಳ ಹಿಂದೆ ನಾನು ಮಗಳ ಜೊತೆ ಹತ್ತಿ ಇಳಿಯುತ್ತಿದ್ದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಬಲಗಾಲಿನ ಚಿಪ್ಪಿನ ಹಿಂದೆ ಯಾರೋ ಮರಳು ಸುರಿದ ಹಾಗೆ ಆಯಿತು. ಕೊನೆಯ ನೂರು ಮೆಟ್ಟಿಲು ಅಡ್ಡಡ್ಡ ತಿರುಗಿ ಇಳಿದೆ. ಹಿಂದಿನಿಂದ ಬರುತ್ತಿದ್ದ ಅಜ್ಜಿ, ಎಪ್ಪತ್ತು ದಾಟಿರಬೇಕು, "ಯಾಕವ್ವಾ, ಹರೇದಾಕಿ ಹಿಂಗ್ಯಾಕ ಇಳಿಯಾಕತ್ತಿ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೋಗಿಬಿಟ್ಟರು. ಇಪ್ಪತ್ತೈದು ವರ್ಷ ಭರತನಾಟ್ಯ ಮಾಡಿದವಳು ನಾನು. ಆ ಅಜ್ಜಿ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚಿದವರಿರಬೇಕು. ಕಾಲು ಯಾರದ್ದು ಗಟ್ಟಿ ಅಂತ ಅವತ್ತೇ ಗೊತ್ತಾಯಿತು.

ಇಳಿಯುವಾಗಲೇ ಯಾಕೆ ನೋವು? ಮೊಣಕಾಲಿನ ಚಿಪ್ಪು ಒಂದು ಬಿಡಿ ಎಲುಬು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಕೆಳಗೆ ಬಂದು ದಪ್ಪ ನಾರಾಗುತ್ತದಲ್ಲ, ಆ ನಾರಿನ ಒಳಗೇ ಈ ಚಿಪ್ಪು ಕೂತಿರುತ್ತದೆ. ತೊಡೆ ಎಲುಬಿನ ತುದಿಯಲ್ಲಿ ಕಾಲುವೆಯಂಥ ಒಂದು ತಗ್ಗು ಇದೆ. ಬಾವಿಯ ರಾಟೆಯ ತಗ್ಗಿನಲ್ಲಿ ಹಗ್ಗ ಓಡುವಂತೆ ಚಿಪ್ಪು ಅದರಲ್ಲಿ ಜಾರುತ್ತದೆ. ಕಾಲು ಮಡಿಸಿದಷ್ಟೂ ಚಿಪ್ಪು ಎಲುಬಿಗೆ ಒತ್ತಿಕೊಳ್ಳುತ್ತದೆ. ಮೆಟ್ಟಿಲ ಮೇಲೆ ಆ ಒತ್ತಡ ಅಂದಾಜು ಮೈತೂಕದ ಮೂರು ಪಟ್ಟು, ಪೂರ್ತಿ ಕುಕ್ಕರುಗಾಲಿನಲ್ಲಿ ಅದಕ್ಕೂ ಎಷ್ಟೋ ಹೆಚ್ಚು. ಇಳಿಯುವಾಗ ತೊಡೆ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಹೇರು ತುಂಬಿದ ಬಂಡಿಗೆ ಇಳಿಜಾರಿನಲ್ಲಿ ಬ್ರೇಕು ಹಿಡಿದ ಹಾಗೆ. ಸ್ನಾಯುವಿಗೆ ಆ ತಾಕತ್ತು ಇಲ್ಲದಿದ್ದರೆ ಹೊರೆ ಕೀಲಿನ ಮೇಲೆ ಬೀಳುತ್ತದೆ. ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ನೋವು, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಎದ್ದಾಗ ಹಿಡಿದಂತಾಗುವುದು, ಈ ಮೂರೂ ಇದ್ದರೆ ಹೆಚ್ಚಿನ ಸಲ ಇದೇ ತೊಂದರೆ.

ನಾನು ಹೋದ ಮೊದಲ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬು ಚೆನ್ನಾಗಿದೆ, ಡ್ಯಾನ್ಸ್ ಬಿಡಿ ಅಂದರು. ಬಿಟ್ಟೆ. ಎರಡು ತಿಂಗಳು ಎಣ್ಣೆ ತಿಕ್ಕಿಸಿ, ಮೊಣಕಾಲಿಗೆ ಕ್ಯಾಪ್ ಹಾಕಿಕೊಂಡು, ಕಾಲು ಚಾಚಿ ಕೂತೆ. ನೋವು ಹೋಯಿತು. ವಾಪಸ್ ಕ್ಲಾಸಿಗೆ ಬಂದು ಮೂರನೇ ದಿನಕ್ಕೆ ಮೊದಲಿಗಿಂತ ಜಾಸ್ತಿಯಾಗಿ ಬಂತು! ದರ್ಜಿ ಟೇಪು ಹಿಡಿದು ಚಿಪ್ಪಿನಿಂದ ಒಂದು ಗೇಣು ಮೇಲೆ ತೊಡೆ ಅಳೆದು ನೋಡಿದೆ. ಬಲತೊಡೆ ಎಡತೊಡೆಗಿಂತ ಎರಡು ಸೆಂಟಿಮೀಟರ್ ಕಡಿಮೆ. ವಿಶ್ರಾಂತಿ ಕೀಲಿನ ಉರಿ ತಣಿಸಿತ್ತು ನಿಜ, ಅದರ ಜೊತೆಗೆ ಕೀಲನ್ನು ಕಾಯುವ ಸ್ನಾಯುವನ್ನೂ ಕರಗಿಸಿತ್ತು.

ಆಮೇಲೆ ಸಿಕ್ಕ ಫಿಸಿಯೋಥೆರಪಿಸ್ಟ್ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು, ಮೊಣಕಾಲನ್ನು ಮುಟ್ಟಲೇ ಇಲ್ಲ. ಕನ್ನಡಿ ಮುಂದೆ ಒಂದು ಮಣೆ ಇಟ್ಟು, "ಇದರ ಮೇಲಿಂದ ಒಂಟಿಗಾಲಲ್ಲಿ ನಿಧಾನ ಇಳೀರಿ ಮೇಡಂ" ಅಂದಳು. ಇಳಿದೆ. ಕನ್ನಡಿಯಲ್ಲಿ ನೋಡಿದರೆ ನನ್ನ ಬಲ ಮೊಣಕಾಲು ಎಡಗಾಲಿನ ಕಡೆ ವಾಲುತ್ತಿದೆ, ಟೊಂಕ ಒಂದು ಕಡೆ ಜೋಲುತ್ತಿದೆ. ಕಾಲು ಹೊರಗೆ ತಿರುಗಿಸಿ ಕುಣಿಯುವುದೇ ಕಸುಬಾದವಳ ಮೊಣಕಾಲು ಒಳಗೆ ಬೀಳುತ್ತಿತ್ತು.

ಮೋರನಾಳದ ತೊಗಲುಗೊಂಬೆ ಆಟ ನೋಡಿದ್ದೀರಲ್ಲ. ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ನಮ್ಮ ಜಿಲ್ಲೆಯ ಹೆಮ್ಮೆ. ಗೊಂಬೆಯ ಅಂಗಗಳ ತುಂಡುಗಳನ್ನು ದಾರದ ಗಂಟಿನಿಂದ ಜೋಡಿಸಿರುತ್ತಾರೆ. ಆ ಗಂಟಿಗೆ ಸ್ವಂತ ಬುದ್ಧಿ ಇಲ್ಲ, ಕಡ್ಡಿ ಹಿಡಿದವರು ಆಡಿಸಿದಂತೆ ಆಡುತ್ತದೆ. ಮೊಣಕಾಲೂ ಹಾಗೇ. ಮೇಲೆ ಟೊಂಕದ ಕೀಲು, ಕೆಳಗೆ ಪಾದ, ಇವೆರಡರ ನಡುವೆ ಸಿಕ್ಕಿಕೊಂಡ ಗಂಟು ಅದು. ಮೇಲಿನವರು ಮಾಡಿದ ಸಾಲಕ್ಕೆ ಬಡ್ಡಿ ಕಟ್ಟುತ್ತದೆ.

ಆ ಸಾಲ ನಾವು ಮಾಡುವುದು ಅರೆಮಂಡಿಯಲ್ಲಿ, ಅಂದರೆ ಪಾದ ಹೊರಗೆ ತಿರುಗಿಸಿ ಮಂಡಿ ಅರ್ಧ ಬಗ್ಗಿಸಿ ನಿಲ್ಲುವ ಭಂಗಿಯಲ್ಲಿ. ಇಲ್ಲಿ ಯುರೋಪಿನ ಶಾಸ್ತ್ರೀಯ ನೃತ್ಯ ಬ್ಯಾಲೆಯವರ ವಿಷಯ ಸ್ವಲ್ಪ ಹೇಳಬೇಕು. ಪ್ಯಾರಿಸ್ಸಿನಲ್ಲಿ 14ನೇ ಲೂಯಿ ದೊರೆ 1661ರಲ್ಲಿ ನೃತ್ಯಕ್ಕೆ ಅಕಾಡೆಮಿ ಕಟ್ಟಿಸಿದ. ಅಲ್ಲಿಂದ ಇಲ್ಲಿಯವರೆಗೂ ಅವರ ನೃತ್ಯದ ಬುನಾದಿ ಕಾಲನ್ನು ಹೊರಗೆ ತಿರುಗಿಸುವುದೇ. ಅದಕ್ಕೆ ಅವರು ಟರ್ನ್‌ಔಟ್ ಅನ್ನುತ್ತಾರೆ. ಮಂಡಿ ಬಗ್ಗಿಸುವುದಕ್ಕೆ ಪ್ಲಿಯೆ, ಫ್ರೆಂಚಿನಲ್ಲಿ ಹಾಗಂದರೆ 'ಬಾಗಿದ' ಅಂತಲೇ ಅರ್ಥ. ನಮಗೂ ಅವರಿಗೂ ನಂಟು ಇಲ್ಲದೆ ಇಲ್ಲ. ಭರತನಾಟ್ಯದ ದೊಡ್ಡ ಹೆಸರು ರುಕ್ಮಿಣಿ ದೇವಿ ಅರುಂಡೇಲ್ ಮೊದಲು ಕಲಿತದ್ದು ಬ್ಯಾಲೆ, ರಷ್ಯಾದ ಬ್ಯಾಲೆ ಕಲಾವಿದೆ ಆನಾ ಪಾವ್ಲೋವಾ ತಂಡದ ಕ್ಲಿಯೋ ನಾರ್ಡಿ ಹತ್ತಿರ. ನಿಮ್ಮ ದೇಶದ ನೃತ್ಯವನ್ನೇ ನೋಡಿ ಅಂತ ಪಾವ್ಲೋವಾ ಹೇಳಿದ ಮೇಲೆ ಅವರು ಈ ಕಡೆ ತಿರುಗಿದರು. 1936ರಲ್ಲಿ ಮದ್ರಾಸಿನಲ್ಲಿ ಕಲಾಕ್ಷೇತ್ರ ಅನ್ನುವ ನೃತ್ಯ ಶಾಲೆ ಕಟ್ಟಿದರು.

ಬ್ಯಾಲೆಯ ಮಕ್ಕಳು ಮಾಡುವ ತಪ್ಪನ್ನೇ ನಮ್ಮ ಮಕ್ಕಳೂ ಮಾಡುತ್ತಾರೆ. ಪಾದ ಎರಡೂ ಒಂದೇ ಗೆರೆಯಲ್ಲಿ, 180 ಡಿಗ್ರಿ, ಕಾಣಬೇಕು. ಆದರೆ ಟೊಂಕದ ಕೀಲಿನಿಂದಲೇ ಒಂದೊಂದು ಕಾಲೂ 90 ಡಿಗ್ರಿ ತಿರುಗುವವರು ತೀರಾ ವಿರಳ. ಅದು ಎಲುಬಿನ ಅಚ್ಚು, ಬೈದರೆ ಬದಲಾಗುವುದಲ್ಲ. ಹಾಗಾದರೆ ಉಳಿದದ್ದನ್ನು ಮಗು ಎಲ್ಲಿಂದ ತರುತ್ತದೆ? ಮೊಣಕಾಲು ನೇರ ಇದ್ದಾಗ ಬೀಗ ಹಾಕಿದ ಹಾಗೆ, ತಿರುಗುವುದಿಲ್ಲ. ಬಗ್ಗಿದಾಗ ಮಾತ್ರ ಒಂದಿಷ್ಟು ತಿರುಗಲು ಬಿಡುತ್ತದೆ. ಮಗು ಮೊದಲು ಬಗ್ಗುತ್ತದೆ, ಪಾದವನ್ನು ನೆಲಕ್ಕೆ ಒತ್ತಿ ಪೂರ್ತಿ ಹೊರಗೆ ತಿರುಗಿಸುತ್ತದೆ, ಪಾದ ಅಲ್ಲೇ ಇಟ್ಟು ಎದ್ದು ನಿಲ್ಲುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಮೊಣಕಾಲು ಹಿಂಡುತ್ತದೆ. ಪಾದದ ಕಮಾನು ಕುಸಿದು ಹೆಬ್ಬೆರಳಿನ ಕಡೆ ಭಾರ ಬೀಳುತ್ತದೆ. ನಾವು ಮೇಷ್ಟ್ರುಗಳು ಮುಂದೆ ಕೂತು, ಭೇಷ್, ಪಾದ ಚೆನ್ನಾಗಿ ತೆರೆದಿದೆ ಅಂತೀವಿ. ನಾನೂ ಎಷ್ಟೋ ಸಲ ಅಂದಿದ್ದೀನಿ.

ಸರಿಯಾದ ಅಳತೆ ಸುಲಭ. ಅರೆಮಂಡಿಯಲ್ಲಿ ಮೊಣಕಾಲು ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಮೊಣಕಾಲು ಅಲ್ಲಿಗೆ ಬರುವುದಿಲ್ಲ ಅಂದರೆ ಪಾದವನ್ನೇ ಒಳಗೆ ತನ್ನಿ. ಅರೆಮಂಡಿ ಒಂದು ಅಂಗುಲ ಕಡಿಮೆ ಕೂತರೆ ಯಾವ ದೇವರೂ ಮುನಿಸಿಕೊಳ್ಳುವುದಿಲ್ಲ.

ತಿರುಗಿಸುವ ಕೆಲಸ ಯಾರದ್ದು? ಕುಂಡಿಯದ್ದು. ನಗಬೇಡಿ, ಸಭೆಯಲ್ಲಿ 'ಪೃಷ್ಠ' ಅಂದರೆ ಯಾರಿಗೂ ಎಲ್ಲಿ ಅಂತಲೇ ಹೊಳೆಯುವುದಿಲ್ಲ. ಅಲ್ಲಿ ಮೇಲೆ ದೊಡ್ಡ ಸ್ನಾಯು, ಅದರ ಅಡಿಯಲ್ಲಿ ಆರು ಚಿಕ್ಕ ಸ್ನಾಯು, ತೊಡೆಯನ್ನು ಹೊರಗೆ ತಿರುಗಿಸಿ ಹಿಡಿಯುವವು. ನನ್ನವು ಮಲಗಿದ್ದವು. ಅವನ್ನು ಎಬ್ಬಿಸುವುದರಿಂದಲೇ ನನ್ನ ಚಿಕಿತ್ಸೆ ಶುರುವಾಯಿತು. ಅಂಗಾತ ಮಲಗಿ ಕಾಲು ಮಡಿಸಿ ಟೊಂಕ ಮೇಲೆತ್ತುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರ ಎತ್ತುವುದು, ಹಿಮ್ಮಡಿ ಸ್ವಲ್ಪ ಹಿಂದಕ್ಕೇ ಇರಬೇಕು, ಮುಂದೆ ಬಂದರೆ ಮೋಸ. ಗೋಡೆಗೆ ಬೆನ್ನು ಹಚ್ಚಿ, ನೋವಾಗದಷ್ಟೇ ಬಗ್ಗಿ, 45 ಸೆಕೆಂಡ್ ನಿಲ್ಲುವುದು, ಹೀಗೆ ಐದು ಸಲ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಬ್ಯಾಲೆಯವರಿಗೆ ಗೋಡೆಯುದ್ದ ಹಿಡಿದುಕೊಳ್ಳುವ ಕಂಬಿ, ಬಾರ್, ಇರುತ್ತದೆ, ನಮಗೆ ಕಿಟಕಿ ಸಾಕು.

ಎರಡು ವಾರ ಏನೂ ಆಗಲಿಲ್ಲ, ಬೇಜಾರಾಯಿತು. ನಾಲ್ಕನೇ ವಾರಕ್ಕೆ ಮಣೆಯಿಂದ ಇಳಿಯುವುದು ಬಂತು, ಮೂರು ಎಣಿಸುವಷ್ಟು ನಿಧಾನ, ಕನ್ನಡಿ ನೋಡಿಕೊಂಡು. ಆಮೇಲೆ ಭಾರ. ಜಿಮ್ ಎಲ್ಲಿ ಹುಡುಕಲಿ? ಗಂಗಾವತಿ ಸೋನಾ ಮಸೂರಿ ಐದು ಕಿಲೋ ಚೀಲವನ್ನು ಎದೆಗೆ ಅವಚಿಕೊಂಡು ಕುರ್ಚಿಯಿಂದ ಎದ್ದು ಕೂರುವುದು, ಆಮೇಲೆ ಹತ್ತು ಕಿಲೋ. ಅಕ್ಕಿ ಖಾಲಿಯಾದಂಗೆ ವ್ಯಾಯಾಮ ಕಡಿಮೆಯಾಗುತ್ತೆ ಅಂತ ನಮ್ಮ ಮನೆಯವರು ನಗುತ್ತಿದ್ದರು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಬರೀ ಮೈ ಬಗ್ಗಿಸುವ ವ್ಯಾಯಾಮದಿಂದ ಸ್ನಾಯು ಗಟ್ಟಿಯಾಗುವುದಿಲ್ಲ, ಭಾರ ಏರಿಸಲೇಬೇಕು. ಇದನ್ನು ನೃತ್ಯದವರು ಒಪ್ಪುವುದಿಲ್ಲ, ತೊಡೆ ದಪ್ಪ ಆಗುತ್ತೆ ಅಂತ ಹೆದರುತ್ತಾರೆ.

ಇಷ್ಟರಲ್ಲಿ ನೋವು ಪೂರ್ತಿ ಹೋಗಿತ್ತಾ? ಇಲ್ಲ. ನನಗೆ ಸಿಕ್ಕ ನಿಯಮ ಹೀಗೆ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಮೂರರೊಳಗೆ ಇದ್ದರೆ ಮಾಡಬಹುದು, ಆದರೆ ಮರುದಿನ ಬೆಳಿಗ್ಗೆ ಎದ್ದಾಗ ಕಾಲು ಮೊದಲಿನ ಹಾಗೇ ಇರಬೇಕು. ಇಲ್ಲದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು ಅಂತ. ಕಡಿಮೆ ಮಾಡಿ, ನಿಲ್ಲಿಸಬೇಡಿ.

ಮೂರನೇ ತಿಂಗಳಿಗೆ ಗೆಜ್ಜೆ ಇಲ್ಲದೆ ತಟ್ಟಡವು, ಅಂದರೆ ಪಾದ ತಟ್ಟುವ ಮೊದಲ ಪಾಠ, ಒಂದನೇ ಕಾಲದಲ್ಲಿ, ಅಂದರೆ ನಿಧಾನ ಲಯದಲ್ಲಿ, ಐದೇ ನಿಮಿಷ. ಒಂದು ವಾರ ಬಿಟ್ಟು ಎರಡನೇ ಕಾಲ. ಹಾರುವ ಅಡವುಗಳು ಅದಾದ ಮೇಲೆ. ಪೂರ್ತಿ ಕೂರುವ ಮುಳುಮಂಡಿ, ಮೊಣಕಾಲೂರುವ ಮಂಡಿ ಅಡವು ಎಲ್ಲಕ್ಕಿಂತ ಕೊನೆಗೆ. ಭರತನಾಟ್ಯದ ದೀರ್ಘ ನೃತ್ಯ ವರ್ಣ, ಅದನ್ನು ಪೂರ್ತಿ ಮಾಡಲು ಏಳು ತಿಂಗಳು ಹಿಡಿಯಿತು.

ನೆಲದ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಬ್ಯಾಲೆ ಶಾಲೆಗಳಲ್ಲಿ ಹಲಗೆಯ ಕೆಳಗೆ ಜಾಗ ಬಿಟ್ಟು, ಕಾಲಿಟ್ಟರೆ ಅಷ್ಟು ತಗ್ಗುವಂಥ ನೆಲ ಮಾಡಿರುತ್ತಾರೆ. ನಮ್ಮಲ್ಲಿ? ಶಹಾಬಾದ್ ಕಲ್ಲು, ಕಡಪ ಕಲ್ಲು, ಈಗ ಗ್ರಾನೈಟು. ಅದರ ಮೇಲೆ ಏಳು ವರ್ಷದ ಮಗು ಬರಿಗಾಲಲ್ಲಿ ದಿನಕ್ಕೆ ಒಂದು ತಾಸು ತಟ್ಟುತ್ತದೆ. ನಮ್ಮ ಹಳ್ಳಿಯ ದೊಡ್ಡಾಟದವರು ಜಾಣರು. ಕಂಬ ನೆಟ್ಟು ಹಲಗೆ ಹಾಸಿದ ಅಟ್ಟದ ಮೇಲೆ ಭುಜಕೀರ್ತಿ ಎದೆಹಾರ ಹೊತ್ತು ಬೆಳತನಕ ಕುಣಿಯುತ್ತಾರೆ. ಆ ಹಲಗೆ ಸದ್ದನ್ನೂ ಕೊಡುತ್ತದೆ, ಪೆಟ್ಟನ್ನೂ ನುಂಗುತ್ತದೆ. ಕ್ಲಾಸಿಗೆ ಹಲಗೆ ಹಾಕಿಸಲು ದುಡ್ಡಿಲ್ಲದಿದ್ದರೆ ದಪ್ಪ ರಬ್ಬರ್ ಚಾಪೆಯಾದರೂ ಹಾಸಿ. ತಟ್ಟುವ ಶಬ್ದ ಕಡಿಮೆಯಾಗುತ್ತದೆ, ಆಗಲಿ.

ತಾಯಂದಿರಿಗೆ ಎರಡು ಮಾತು. ಹತ್ತರಿಂದ ಹದಿನೈದರ ನಡುವಿನ ಮಕ್ಕಳು ಎತ್ತರ ಬೆಳೆಯುವ ಹೊತ್ತಿಗೆ ಚಿಪ್ಪಿನ ಕೆಳಗೆ ಮೊಳೆಯಂಥ ಗಂಟು ಎದ್ದು ನೋವು ಅನ್ನಬಹುದು. ಚಿಪ್ಪಿನ ನಾರು ಇನ್ನೂ ಎಳಸಾದ ಎಲುಬನ್ನು ಎಳೆಯುವುದರಿಂದ ಬರುವಂಥದ್ದು. ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ, ಅಲ್ಲಿಯವರೆಗೆ ಹಾರುವುದು, ಮೊಣಕಾಲೂರುವುದು ಕಡಿಮೆ ಮಾಡಿಸಿ. ನೃತ್ಯದ ಜೂನಿಯರ್ ಪರೀಕ್ಷೆ ಮುಂದಿನ ವರ್ಷವೂ ಇರುತ್ತದೆ. ಇನ್ನೊಂದು, ರಂಗಪ್ರವೇಶಕ್ಕೆ ತೆಳ್ಳಗೆ ಕಾಣಬೇಕು ಅಂತ ಹುಡುಗಿಯರು ರೊಟ್ಟಿ ಬಿಡುತ್ತಾರೆ. ಊಟ ಸಾಲದೆ ಮುಟ್ಟು ನಿಂತರೆ ಎಲುಬು ಸೊರಗಿ ಬಿರುಕು ಬಿಡುವ ಅಪಾಯ ಇದೆ. ಎರಡು ರೊಟ್ಟಿ, ಶೇಂಗಾ ಚಟ್ನಿ, ಮೊಳಕೆ ಕಾಳು, ಮೊಸರು ಹೊಟ್ಟೆ ತುಂಬ ಕೊಡಿ.

ನಾನು ಹೇಳಿದ್ದು ಎಲ್ಲ ನೋವಿಗೂ ಅನ್ವಯಿಸುವುದಿಲ್ಲ. ತಿರುಗುವಾಗ ಟಪ್ ಅಂತ ಸದ್ದು ಬಂದು ಕೆಲವು ತಾಸಿನಲ್ಲೇ ಬಾತುಕೊಂಡರೆ, ಮಡಿಸಿದ ಕಾಲು ಸಿಕ್ಕಿಹಾಕಿಕೊಂಡು ಬಿಚ್ಚದಿದ್ದರೆ, ನಿಂತಲ್ಲೇ ಕುಸಿದರೆ, ರಾತ್ರಿ ನಿದ್ದೆ ಕೆಡಿಸಿದರೆ, ಜ್ವರದ ಜೊತೆ ಕೆಂಪಾಗಿ ಬಿಸಿಯಾದರೆ ಮೂಳೆ ಡಾಕ್ಟರ ಹತ್ತಿರವೇ ಹೋಗಬೇಕು. ಕಾರ್ಯಕ್ರಮದ ದಿನ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಕುಣಿಯುವ ಚಟ ಮಾತ್ರ ಬೇಡ. ನೋವು ಅಂದಾಗೆಲ್ಲ ಸುಧಾ ಚಂದ್ರನ್ ಅವರನ್ನು ನೋಡು ಅಂತ ಮಕ್ಕಳಿಗೆ ಹೇಳುವವರೂ ಇದ್ದಾರೆ. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, ಜೈಪುರ ಕೃತಕ ಕಾಲಿನಲ್ಲಿ ಮತ್ತೆ ನೃತ್ಯ ವೇದಿಕೆ ಏರಿದವರು, ನಮಸ್ಕಾರ ಅವರಿಗೆ. ಆದರೆ ಅವರು ಕೂಡ ತಿಂಗಳುಗಟ್ಟಲೆ ಅಭ್ಯಾಸ ಮಾಡಿಯೇ ಏರಿದ್ದು. ಅವರ ಹೆಸರು ಹೇಳಿ ಹನ್ನೊಂದು ವರ್ಷದ ಮಗುವಿನ ಬಾಯಿ ಮುಚ್ಚಿಸಬೇಡಿ.

ಹೋದ ತಿಂಗಳು ಮತ್ತೆ ಅಂಜನಾದ್ರಿಗೆ ಹೋಗಿದ್ದೆ. ನೇರವಾಗಿ ಇಳಿದೆ, ಕೊನೆಯ ಮೂವತ್ತು ಮೆಟ್ಟಿಲಲ್ಲಿ ಕಂಬಿ ಹಿಡಿದೆ, ಸುಳ್ಳು ಹೇಳುವುದಿಲ್ಲ.

ಪ್ರಶ್ನೆ ಕೇಳುವ ಮೊದಲು ಎಲ್ಲರೂ ಎದ್ದು ನಿಲ್ಲಿ. ತಾಯಂದಿರೂ. ಈ ವೇದಿಕೆಗೆ ಮೂರು ಮೆಟ್ಟಿಲಿವೆ, ಒಬ್ಬೊಬ್ಬರಾಗಿ ಹತ್ತಿ ಬಂದು ನನ್ನ ಮುಂದೆ ಕೆಳಗಿನ ಮೆಟ್ಟಿಲು ಇಳಿಯಿರಿ, ಒಂದು, ಎರಡು, ಮೂರು ಎಣಿಸುತ್ತಾ. ಸೀರೆ ನೆರಿಗೆ ಸ್ವಲ್ಪ ಮೇಲೆ ಹಿಡಿಯಿರಿ, ಮೊಣಕಾಲು ಯಾವ ಕಡೆ ವಾಲುತ್ತೆ ನೋಡಬೇಕು. ಮೊದಲು ಬಲಗಾಲು.