ತಣ್ಣೀರಿನಲ್ಲಿ ಒಂದೇ ಬಂಡೆಯ ಮುಂದೆ

ಎಲ್ಲರಿಗೂ ನಮಸ್ಕಾರ.

ತಣ್ಣನೆಯ ಸಮುದ್ರದಲ್ಲಿ ಡೈವ್ ಮಾಡ್ತೀನಿ ಅಂದರೆ ಎಲ್ಲರೂ ಕೇಳುವುದು ಒಂದೇ: ‘ಅಲ್ಲಿ ನೋಡೋಕೆ ಏನಿದೆ?’ ನೀರು ಹಸಿರು, ಮಬ್ಬು. ಎಷ್ಟೋ ಸಲ ಐದಾರು ಮೀಟರ್ ಆಚೆಗೆ ಏನೂ ಕಾಣುವುದಿಲ್ಲ, ನಿಜ. ಆದರೆ ಆ ಮಬ್ಬು ಬರೀ ಕೊಳೆಯಲ್ಲ. ಅದರಲ್ಲಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣಸಣ್ಣ ಜೀವಿಗಳು, ತುಂಬಿರುತ್ತವೆ. ಅದೇ ಅಲ್ಲಿಯವರ ಊಟ. ಊಟ ಇದ್ದಲ್ಲಿ ಉಣ್ಣುವವರೂ ಇರುತ್ತಾರೆ, ಅಲ್ವಾ? ದೂರದ್ದು ಕಾಣದಿದ್ದರೆ ಬೇಡ, ಮೂಗಿನ ಮುಂದಿರುವುದನ್ನು ನೋಡೋಣ.

ಹೀಗೆ ಹತ್ತಿರದ್ದನ್ನು ನೋಡಬೇಕು ಅಂತ ಮೊದಮೊದಲು ನನಗೆ ಗೊತ್ತಿರಲಿಲ್ಲ. ನೀರು ನಮ್ಮ ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಚಳಿಯಾದರೆ ಸುಮ್ನೆ ಇರಲು ಆಗುವುದಿಲ್ಲ, ಈಜುತ್ತಲೇ ಇರೋಣ ಅನಿಸುತ್ತದೆ. ಹಾಗೆ ಈಜಿ ಈಜಿ ಎಷ್ಟೋ ಡೈವ್ ಖಾಲಿ ಕೈಯಲ್ಲಿ ಮುಗಿಸಿದ್ದೇನೆ. ಒಂದು ದಿನ ಜೊತೆಗಿದ್ದ ಗೆಳೆಯ ಕೈ ಹಿಡಿದು ನಿಲ್ಲಿಸಿದ. ಬಂಡೆಯ ಮೇಲೆ ಪಾಚಿಯಂಥ ಒಂದು ಕಂದು ಕುಚ್ಚು. ಟಾರ್ಚ್ ಬೆಳಕು ಬಿಟ್ಟು ನೋಡುತ್ತಾ ನಿಂತೆ. ಅರ್ಧ ನಿಮಿಷದ ಮೇಲೆ ಆ ಕುಚ್ಚೇ ತಲೆಯಾಡಿಸಿತು! ಸ್ಕೆಲಿಟನ್ ಶ್ರಿಂಪ್ ಅನ್ನುವ, ಕಡ್ಡಿಯಂಥ ಮೈಯ ಪುಟ್ಟ ಜೀವಿಗಳು, ಹತ್ತಾರು, ಹಿಂಗಾಲಲ್ಲಿ ಹಿಡಿದು ನಿಂತು ಬಗ್ಗಿ ಏಳುತ್ತಿದ್ದವು. ಒಂದೊಂದೂ ಉಗುರಿನಷ್ಟು ಉದ್ದ.

ಆ ಕುಚ್ಚು ಪಾಚಿಯಲ್ಲ, ಹೈಡ್ರಾಯ್ಡ್ ಅನ್ನುವ ಪ್ರಾಣಿ. ಅಂದಿನಿಂದ ನಾನು ಜೀವಿಯನ್ನು ಹುಡುಕುವುದು ಬಿಟ್ಟೆ, ಅದರ ಮನೆ ಮತ್ತು ಊಟವನ್ನು ಹುಡುಕುತ್ತೇನೆ. ನ್ಯೂಡಿಬ್ರಾಂಕ್ ಬೇಕೇ? ಅದು ಚಿಪ್ಪಿಲ್ಲದ ಸಮುದ್ರದ ಬಸವನಹುಳು. ಅದರಲ್ಲಿ ಎಷ್ಟೋ ಜಾತಿಗಳು ಹೈಡ್ರಾಯ್ಡ್ ತಿಂದೇ ಬದುಕುತ್ತವೆ. ಕೆಲವಂತೂ ಹೈಡ್ರಾಯ್ಡ್‌ನ ಕುಟುಕುವ ಕಣಗಳನ್ನು ಅರಗಿಸಿಕೊಳ್ಳದೆ ತಮ್ಮ ಬೆನ್ನಿನ ಎಳೆಗಳ ತುದಿಯಲ್ಲಿ ಇಟ್ಟುಕೊಳ್ಳುತ್ತವೆ. ತಿಂದ ಊಟವೇ ಆಯುಧ! ಬಂಡೆಗೆ ಅಂಟಿದ ಬಿಳಿ ರಿಬ್ಬನ್ ಸುರುಳಿ ಕಂಡರೆ ಅದು ಮೊಟ್ಟೆ. ಇಟ್ಟ ನ್ಯೂಡಿಬ್ರಾಂಕ್ ಅಲ್ಲೇ ಸುತ್ತಮುತ್ತ ಇರಬಹುದು, ಹೊರಡಬೇಡಿ.

ಇನ್ನು ಫೋಟೋ. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಹತ್ತು ಮೀಟರ್ ಆಳದಲ್ಲಿ ಕೆಂಪು ಜೀವಿ ಬೂದಿಯ ಹಾಗೆ ಕಾಣುತ್ತದೆ. ಹಾಗಾಗಿ ಬೆಳಕನ್ನು ನಾವೇ ಒಯ್ಯಬೇಕು. ಫ್ಲ್ಯಾಶ್ ಲೆನ್ಸ್‌ನ ಪಕ್ಕದಲ್ಲೇ ಇದ್ದರೆ ನೀರಿನ ಕಣಗಳೆಲ್ಲ ಹೊಳೆದು ಫೋಟೋ ಪೂರ್ತಿ ಹಿಮ ಬಿದ್ದಂತಾಗುತ್ತದೆ. ಅದನ್ನು ಬದಿಗೆ ಸರಿಸಿ, ನೀವು ಇನ್ನೂ ಹತ್ತಿರ ಹೋಗಿ. ಪುಟ್ಟದ್ದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್‌ನಲ್ಲಿ ಬೆಳಕಿನ ಕಿಂಡಿಯನ್ನು ಎಫ್/16ರಷ್ಟು ಕಿರಿದು ಮಾಡಿದರೂ ಸ್ಪಷ್ಟವಾಗಿ ಸಿಗುವುದು ಕೆಲವೇ ಮಿಲಿಮೀಟರ್. ನ್ಯೂಡಿಬ್ರಾಂಕ್ ಆದರೆ ನಾನು ತಲೆಯ ಮೇಲಿನ ಎರಡು ಕೊಂಬಿಗೆ ಫೋಕಸ್ ಮಾಡುತ್ತೇನೆ. ಅದು ವಾಸನೆ ಹಿಡಿಯುವುದು ಆ ಕೊಂಬಿನಿಂದಲೇ. ಸೆಟ್ಟಿಂಗ್ ಎಲ್ಲ ದಡದಲ್ಲೇ ಮುಗಿಸಿ, ದಪ್ಪ ಗ್ಲೌಸ್‌ನಲ್ಲಿ ಬಟನ್ ಸಿಗುವುದಿಲ್ಲ. ಹೌಸಿಂಗ್, ಅಂದರೆ ಕ್ಯಾಮೆರಾಗೆ ನೀರು ತಾಗದಂತೆ ಹಾಕುವ ಪೆಟ್ಟಿಗೆ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ, ಇಲ್ಲದಿದ್ದರೆ ಒಳಗಿನ ತೇವ ಗಾಜಿನ ಮೇಲೆ ಮಂಜು ಕಟ್ಟುತ್ತದೆ.

ಒಂದು ವಿಷಯಕ್ಕೆ ನನಗೆ ನಿಜವಾಗಿ ಕೋಪ ಬರುತ್ತದೆ. ಹಿನ್ನೆಲೆ ಚೆನ್ನಾಗಿಲ್ಲ ಅಂತ ಜೀವಿಯನ್ನು ಕಿತ್ತು ಬೇರೆ ಕಡೆ ಇಡುವವರಿದ್ದಾರೆ. ಅದು ಕೂತಿದ್ದು ತನ್ನ ಊಟದ ಮೇಲೆ. ನಿಮ್ಮ ಒಂದು ಫೋಟೋಗಾಗಿ ಅದನ್ನು ಎಬ್ಬಿಸಬೇಡಿ.

ಉತ್ತರ ಪೆಸಿಫಿಕ್‌ನಲ್ಲಿ ಸ್ಪೈನಿ ಲಂಪ್‌ಸಕರ್ ಅನ್ನುವ ಪುಟ್ಟ ಮೀನಿದೆ. ಚೆಂಡಿನಂಥ ಮೈ, ಹೊಟ್ಟೆಯಡಿ ಅಂಟಿಕೊಳ್ಳಲು ಒಂದು ಬಟ್ಟಲು. ಮೊಟ್ಟೆ ಕಾಯುವುದು ಅಪ್ಪನ ಕೆಲಸ. ಒಮ್ಮೆ, ಬಂಡೆಗೆ ಅಂಟಿ ಬದುಕುವ ಬಾರ್ನಕಲ್ ಅನ್ನುವ ಜೀವಿಯ ಖಾಲಿ ಚಿಪ್ಪಿನೊಳಗೆ ಅಂಥ ಒಬ್ಬ ಅಪ್ಪ ಕೂತಿದ್ದ. ನನ್ನ ಬೆರಳು ಆಗಲೇ ಮರಗಟ್ಟಿದ್ದವು. ಅವನು ಮಾತ್ರ ಕದಲಲಿಲ್ಲ, ಎರಡು ದುಂಡು ಕಣ್ಣು ಹೊರಳಿಸಿ ನನ್ನನ್ನೇ ನೋಡುತ್ತಿದ್ದ. ಎರಡೇ ಫೋಟೋ ತೆಗೆದೆ. ಟಾರ್ಚ್ ಬೆಳಕನ್ನು ಅವನ ಮುಖದಿಂದ ಸರಿಸಿ, ಮೇಲಕ್ಕೆ ಹೊರಟೆ.