ಗಡಿಯಾಚೆಯ ನಮ್ಮವರು, ಗಡಿಯೀಚೆಯ ನಿಮ್ಮವರು

ಕೇಳುಗರಿಗೆ ನಮಸ್ಕಾರ.

ಗಡಿಗೆರೆ ಎಲ್ಲಿ ಎಳೆದರೂ ಒಂದಷ್ಟು ಜನ ಆಚೆಯೇ ಉಳಿದುಬಿಡುತ್ತಾರೆ. ಕಾಸರಗೋಡನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೆನ್ಮಾರ್ಕ್ ಮತ್ತು ಜರ್ಮನಿಯ ನಡುವಿನ ಶ್ಲೆಸ್ವಿಗ್ ಸೀಮೆಯನ್ನು 1920ರ ಜನಮತಗಣನೆ ಇಬ್ಭಾಗ ಮಾಡಿತು: ಉತ್ತರ ಡೆನ್ಮಾರ್ಕಿಗೆ, ಫ್ಲೆನ್ಸ್‌ಬರ್ಗ್ ಸೇರಿದ ದಕ್ಷಿಣ ಜರ್ಮನಿಗೆ. ಇಂದಿಗೂ ಜರ್ಮನಿಯೊಳಗೆ ಸುಮಾರು 50,000 ಡೇನರು, ಡೆನ್ಮಾರ್ಕಿನೊಳಗೆ ಸುಮಾರು 15,000 ಜರ್ಮನರು ಇದ್ದಾರೆ.

ತಕರಾರು ಎದ್ದದ್ದು ಮತಪೆಟ್ಟಿಗೆಯಿಂದ. 1953ರಲ್ಲಿ ಡೆನ್ಮಾರ್ಕಿನ ಜರ್ಮನರ ಪಕ್ಷ ಸುಮಾರು 9,700 ಮತ ಪಡೆದು ಅಲ್ಲಿನ ಸಂಸತ್ತಿಗೆ ಒಬ್ಬರನ್ನು ಕಳಿಸಿತು. ಮರುವರ್ಷ ಗಡಿಯೀಚೆ, ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಚುನಾವಣೆಯಲ್ಲಿ ಡೇನರ ಪಕ್ಷಕ್ಕೆ 42 ಸಾವಿರ ಮತ ಬಂದರೂ ಸ್ಥಾನ ಸೊನ್ನೆ. ಶೇ. 5 ದಾಟದ ಪಕ್ಷಕ್ಕೆ ಸ್ಥಾನವಿಲ್ಲ ಎಂಬುದು ನಿಯಮ, ಇವರದು ಶೇ. 3.5. ಪಶ್ಚಿಮ ಜರ್ಮನಿ ಆಗ ನೇಟೊ ಎಂಬ ಸೇನಾ ಕೂಟದ ಹೊಸ್ತಿಲಲ್ಲಿತ್ತು. ಕೂಟದ ಒಳಗೇ ಇದ್ದ ಡೆನ್ಮಾರ್ಕಿನ ದೂರನ್ನು ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ.

1955ರ ಮಾರ್ಚ್ 29ರಂದು ಎರಡೂ ಸರ್ಕಾರಗಳು ಕೂಡಿ ಒಪ್ಪಂದ ಮಾಡಿಕೊಳ್ಳಲಿಲ್ಲ. ತಮ್ಮ ತಮ್ಮ ನೆಲದ ಅಲ್ಪಸಂಖ್ಯಾತರ ಬಗ್ಗೆ ಒಂದೊಂದು ಘೋಷಣೆ ಹೊರಡಿಸಿದವು. ತಾನು ಡೇನ್ ಎಂದೋ ಜರ್ಮನ್ ಎಂದೋ ಹೇಳಿಕೊಳ್ಳಲು ಪ್ರತಿಯೊಬ್ಬರೂ ಸ್ವತಂತ್ರರು, ಅಧಿಕಾರಿಗಳು ಅದನ್ನು ಪ್ರಶ್ನಿಸುವಂತಿಲ್ಲ, ಪರಿಶೀಲಿಸುವಂತಿಲ್ಲ ಎಂಬುದು ಅದರ ತಿರುಳು. ಮನೆಮಾತಿನ ಪರೀಕ್ಷೆಯಿಲ್ಲ, ವಂಶವೃಕ್ಷ ತೋರಿಸಬೇಕಿಲ್ಲ. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಡೇನರ ಪಕ್ಷಕ್ಕೆ ಶೇ. 5ರ ನಿಯಮದಿಂದ ವಿನಾಯಿತಿಯೂ ಸಿಕ್ಕಿತು. ಇದು ಮೀಸಲು ಸ್ಥಾನವಲ್ಲ, ನೆನಪಿರಲಿ. ಒಂದು ಸ್ಥಾನಕ್ಕೆ ತಕ್ಕಷ್ಟು ಮತವನ್ನು ಪಕ್ಷ ತಾನೇ ಗಳಿಸಬೇಕು. 2021ರಲ್ಲಿ ಸುಮಾರು 55 ಸಾವಿರ ಮತಗಳ ಬಲದಿಂದ ಈ ಪಕ್ಷದ ಸ್ಟೆಫಾನ್ ಸೈಡ್ಲರ್ ಜರ್ಮನಿಯ ಸಂಸತ್ತನ್ನೇ ಪ್ರವೇಶಿಸಿದರು.

ಇಷ್ಟಾದರೂ ಘೋಷಣೆ ಎಂದರೆ ಕೊಟ್ಟ ಮಾತು, ಅಷ್ಟೇ. ಬೊಕ್ಕಸ ಬರಿದಾದಾಗ ಮೊದಲು ಸಡಿಲವಾಗುವುದೂ ಅದೇ. 2010ರಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಸರ್ಕಾರ ಖರ್ಚು ಕಡಿಮೆ ಮಾಡಲು ಹೊರಟು ಡೇನಿಷ್ ಶಾಲೆಗಳಿಗೆ ಕೈಹಾಕಿತು. ಸರ್ಕಾರಿ ಶಾಲೆಯ ಒಬ್ಬ ವಿದ್ಯಾರ್ಥಿಗೆ ತಗಲುವ ವೆಚ್ಚದ ಪೂರ್ತಿ ಮೊತ್ತದ ಬದಲು ಶೇ. 85 ಮಾತ್ರ ಅನುದಾನ ಎಂದಿತು. ಕೋಪನ್‌ಹೇಗನ್‌ನ ಡೆನ್ಮಾರ್ಕ್ ಸರ್ಕಾರ ಆಕ್ಷೇಪಿಸಿತು. ಗಡಿಯ ಉತ್ತರಕ್ಕೆ, ಡೆನ್ಮಾರ್ಕಿನ ಕೈಯಳತೆಯಲ್ಲಿ, ಜರ್ಮನ್ ಶಾಲೆಗಳೂ ಇವೆಯಲ್ಲ! ಬರ್ಲಿನ್‌ನ ಕೇಂದ್ರ ಸರ್ಕಾರ 2011ಕ್ಕೆ 35 ಲಕ್ಷ ಯೂರೊ ಕೊಟ್ಟು ತೇಪೆ ಹಾಕಿತು. 2012ರ ಚುನಾವಣೆಯ ಬಳಿಕ ಡೇನರ ಪಕ್ಷ ರಾಜ್ಯದ ಮೈತ್ರಿ ಸರ್ಕಾರದಲ್ಲಿ ಪಾಲುದಾರನಾಯಿತು. ಶಾಲೆಗಳ ಅನುದಾನ ಮತ್ತೆ ನೂರಕ್ಕೆ ನೂರಾಯಿತು.